ಅಮ್ಮನ ಪಾಡ್ದನದೊಳಗೆ ಯಾರದೋ ಹೆಸರು

ಬೇರೆಯವರು ಬೆವರು ಸುರಿಸಿ ಮಾಡಿದ ಕೆಲಸಕ್ಕೆ ತಮ್ಮ ಹೆಸರು ಅಂಟಿಸಿಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಲ್ಮಠದ ನಮ್ಮ ಆಫೀಸಿನಲ್ಲಿ ನಾನು ಬರೆದ ರಿಪೋರ್ಟಿನ ಕೆಳಗೆ ಮೇಲಿನವರು ತಮ್ಮ ಹೆಸರು ಹಾಕಿಕೊಂಡದ್ದಕ್ಕೆ ಮೂರು ದಿನ ಕ್ಯಾಂಟೀನಿನ ಚಾ ಬಿಟ್ಟವನು ನಾನು. ಚಾ ಎಂತ ಪಾಪ ಮಾಡಿತ್ತು ಎಂದು ಕೇಳಬೇಡಿ, ಸಿಟ್ಟು ತೀರಿಸಲು ಎಲ್ಲಾದರೂ ಒಂದು ಜಾಗ ಬೇಕಲ್ಲ.

ಹೀಗಿರುವಾಗ ಮೊನ್ನೆ ಭಾನುವಾರ ಉಮೇಶ ಬಾವನ, ಅಂದರೆ ನನ್ನ ಅಕ್ಕನ ಗಂಡನ, ಹೊಸ ಕಾರಿನಲ್ಲಿ ಅಮ್ಮ ಮತ್ತು ನಾನು ಕಂಕನಾಡಿ ಮಾರ್ಕೆಟ್ಟಿಗೆ ಹೊರಟೆವು. ಬಾವ ಪೆನ್‌ಡ್ರೈವ್ ಸಿಕ್ಕಿಸಿ ಅಮ್ಮನ ಪಾಡ್ದನ ಹಾಕಿದರು. ಹರೆಯದಲ್ಲಿ ಯಾರ್‍ಯಾರದೋ ಗದ್ದೆಯಲ್ಲಿ ಭತ್ತದ ನೇಜಿ ನೆಡುತ್ತಾ ಅಮ್ಮ ಹಾಡುತ್ತಿದ್ದ ಹಾಡು ಅದು. ನಾನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಎಂಪಿ-ತ್ರೀ ಮಾಡಿ ಕುಟುಂಬಕ್ಕೆಲ್ಲ ಹಂಚಿದ್ದೆ. ಕಾರಿನ ಪರದೆಗೆ ಕನ್ನಡ ಬರುವುದಿಲ್ಲ, ಹಾಡಿದವರ ಹೆಸರಿದ್ದಲ್ಲಿ ಬರೀ ಚೌಕ ಚೌಕ ಡಬ್ಬಗಳು. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೆ ಎಣಿಸುವುದರಲ್ಲಿ ತಪ್ಪುವವರೂ ಅಲ್ಲ.

"ಇದೆಂತ ಮಾರಾಯ? ನನ್ನ ಹೆಸರು ಕಮಲ ಅಂದ್ರೆ ಮೂರೇ ಅಕ್ಷರ ಅಂತ ನೀನೇ ಬರೆದು ತೋರಿಸಿದ್ದಲ್ವಾ? ಇಲ್ಲಿ ಗೂಡ್ಸು ರೈಲಿನ ಹಾಗೆ ಡಬ್ಬ ಉಂಟು. ಹಾಡಿದ್ದು ನಾನಾ, ಬೇರೆ ಯಾರಾದ್ರೂವಾ?"

ನನಗೆ ಪಿತ್ತ ನೆತ್ತಿಗೇರಿತು. ಈ ಹಾಡು ವಾಟ್ಸಾಪಿನಲ್ಲಿ ಉಳ್ಳಾಲದಿಂದ ದುಬೈವರೆಗೆ ಸುತ್ತಿದೆ. ದಾರಿಯಲ್ಲಿ ಯಾವನೋ ತನ್ನ ಹೆಸರು ತುರುಕಿದ್ದಾನೆ!

"ಆ ಕಳ್ಳನನ್ನು ಇವತ್ತೇ ಹಿಡಿಯುತ್ತೇನೆ ಅಮ್ಮ," ಎಂದೆ.

ಮನೆಗೆ ಬಂದವನೇ ಬಾವನ ಪೆನ್‌ಡ್ರೈವ್ ಕಂಪ್ಯೂಟರಿಗೆ ಸಿಕ್ಕಿಸಿ ಪೈಥಾನಿನಲ್ಲಿ ಪ್ರೋಗ್ರಾಂ ಬರೆಯಲು ಕೂತೆ. ಹಾಡಿನ ಫೈಲು ಪುಸ್ತಕದ ಹಾಗಲ್ಲ, ಬಿಚ್ಚಿದರೆ ಬರೀ ಬೈಟುಗಳ ರಾಶಿ. ಅದರ ತಲೆಭಾಗದಲ್ಲಿ ಹಾಡಿನ ಹೆಸರಿಗೊಂದು, ಹಾಡಿದವರ ಹೆಸರಿಗೊಂದು ಚೀಟಿ. ಚೀಟಿ ಎಷ್ಟುದ್ದ, ಅಕ್ಷರಗಳನ್ನು ಯಾವ ಕ್ರಮದಲ್ಲಿ ತುಂಬಿದ್ದಾರೆ ಎಂದು ಮೊದಲು ತಿಳಿಯಬೇಕು. ಅದು ತಪ್ಪಿದರೆ ಕಾಗೆ ಕೆದರಿದಂಥ ಗೀಚು. ಹೆಸರನ್ನು ಹೆಸರಿನ ಹಾಗೆ ಬರೆದಿಡಲು ಎಂಪಿ-ತ್ರೀ ಕಂಡುಹಿಡಿದ ಮಹಾನುಭಾವರಿಗೆ ಎಂತ ರೋಗ? ಬಯ್ಯುತ್ತಾ ಬರೆದೆ, ಬರೆಯುತ್ತಾ ಬೈದೆ. ಅಮ್ಮ ಪಕ್ಕದಲ್ಲೇ ಕುರ್ಚಿ ಹಾಕಿ ಕಳ್ಳನಿಗಾಗಿ ಕಾದರು.

ಕೊನೆಗೂ ಹೆಸರು ಮೂಡಿತು. ಬೆನ್ನ ಹಿಂದೆ ನಿಂತಿದ್ದ ಬಾವ ಗಟ್ಟಿಯಾಗಿ ಓದಿದರು: "ದಾಮೋದರ ಬಿ.ಎಸ್ಸಿ."

ದಾಮೋದರ ಎಂದರೆ ನಾನೇ. ಕಂಪ್ಯೂಟರ್ ಕೊಂಡ ದಿನ ಅದು ನನ್ನ ಹೆಸರು ಕೇಳಿತ್ತು. ನಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲದ ಡಿಗ್ರಿ, ಬೆಳಿಗ್ಗೆ ಮನೆಮನೆಗೆ ಪೇಪರ್ ಹಾಕಿ ಓದಿ ಗಳಿಸಿದ್ದು, ಬಿಟ್ಟು ಬರೆಯಲು ಮನಸ್ಸಾಗಲಿಲ್ಲ. ಎಂಪಿ-ತ್ರೀ ಮಾಡುವ ಸಾಫ್ಟ್‌ವೇರ್ ಅದನ್ನೇ ನಂಬಿ ಹಾಡಿದವರ ಜಾಗಕ್ಕೆ ಹಾಕಿತ್ತು.

ಬಾವ ಕೆಮ್ಮುವವರ ಹಾಗೆ ಮಾಡಿ ಹೊರಗೆ ಹೋದರು. ಅಮ್ಮ ನಗಲಿಲ್ಲ. "ಹೌದಾ ಮಗ? ಹಾಗಾದ್ರೆ ಎರಡನೇ ಸಾಲು ಹೇಳು ನೋಡುವ."

ನನಗೆ ಮೊದಲನೆಯದೇ ಬರುವುದಿಲ್ಲ.

ಹೆಸರು ತಿದ್ದಲು ಎರಡು ನಿಮಿಷ ಸಾಕಾಯಿತು. ಹಾಡು ಅಷ್ಟು ಸುಲಭವಿಲ್ಲ. ಈಗ ದಿನಾ ಸಂಜೆ ಆಫೀಸಿನಿಂದ ಬಂದು ಅಮ್ಮನ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತೇನೆ. ನಿನ್ನೆ ಅಮ್ಮ ಅಕ್ಕನಿಗೆ ಫೋನಿನಲ್ಲಿ ಹೇಳುವುದು ಕೇಳಿಸಿತು: "ಇಲ್ಲ ಮಗಾ, ಇನ್ನೂ ಮೂರನೇ ಸಾಲಿನಲ್ಲೇ ಇದ್ದಾನೆ. ಪಾಸಾಗುವ ಹಾಗೆ ಕಾಣುವುದಿಲ್ಲ."