ಎರಿತ್ ಜೆಟ್ಟಿಯ ಕೆಳಗೆ ವಾಸವಾಗಿರುವ ಬ್ಯಾಸ್ ಮೀನಿನವರಿಗೆ

ಥೇಮ್ಸ್ ನದಿಯ ಕೆಸರು ನೀರಿಗೆ ಬೆಳ್ಳಿಯ ಮೆರುಗು ಕೊಟ್ಟವರೂ, ಬೆನ್ನಿನ ರೆಕ್ಕೆಯಲ್ಲಿ ಒಂದು ಮುಳ್ಳು ಕಡಿಮೆಯಿದ್ದರೂ ಗಾಂಭೀರ್ಯದಲ್ಲಿ ಏನೇನೂ ಕಡಿಮೆಯಿಲ್ಲದವರೂ ಆದ ಮಾನ್ಯರೇ,

ತಾವೂ ತಮ್ಮ ಬಂಧುವರ್ಗದವರೂ ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಾಗಿರಲೇಬೇಕು, ಏಕೆಂದರೆ ಕಳೆದ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಹನ್ನೊಂದೂವರೆಗೆ ತಮ್ಮನ್ನು ಬಲೆಯಲ್ಲಿ ಕೂರಿಸಿ, ಲಿಫ್ಟಿನಲ್ಲಿ ಇಳಿಸಿದ ಹಾಗೆ ಮೆಲ್ಲಗೆ ನೀರಿಗೆ ಇಳಿಸಿದವಳು ನಾನೇ. ಕೆಂಪು ರೇನ್‌ಕೋಟು, ಕೊರಳಲ್ಲಿ ಮಾತೆ ಮರಿಯಳ ಪದಕ, ಅಳುತ್ತಲೂ ನಗುತ್ತಲೂ ಇದ್ದ ಮುಖ, ಇಷ್ಟು ಹೇಳಿದರೆ ತಮಗೆ ನೆನಪಾದೀತು. ಆಗ ಪರಿಚಯ ಹೇಳಿಕೊಳ್ಳಲು ಪುರುಸೊತ್ತು ಇರಲಿಲ್ಲವಾದ್ದರಿಂದ ಈಗ ಹೇಳುತ್ತೇನೆ.

ನನ್ನ ಹೆಸರು ವ್ಯಾಲೆಂಟೀನಾ. ಹುಟ್ಟಿದ್ದು ಉಡುಪಿ ಪಕ್ಕದ ಉದ್ಯಾವರದಲ್ಲಿ, ಈಗಿರುವುದು ಲಂಡನ್ನಿನ ಪಶ್ಚಿಮ ತುದಿಯ ಹೇಸ್‌ನ ಬಾಡಿಗೆ ಮನೆಯಲ್ಲಿ, ಗಂಡ ಪೈಯಸ್ ಮತ್ತು ಮಗಳು ಎಲೀಷಾಳ ಜೊತೆ. ವಿಮಾನ ನಿಲ್ದಾಣದ ಹತ್ತಿರದ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಸ್ಕ್ಯಾನರ್ ಹಿಡಿಯುವುದು ಉದ್ಯೋಗ. ಊರಿನ ನಮ್ಮ ಮನೆಯಲ್ಲಿ ಹೊಳೆಗೆ ಗಾಳ ಹಾಕುವುದು ಅಣ್ಣಂದಿರ ಕೆಲಸವಾಗಿತ್ತು, ದಡದಲ್ಲಿ ಕತ್ತಿ ಹಿಡಿದು ಕಾದು ಕುಳಿತು ಸಿಕ್ಕಿದ್ದನ್ನು ಕುಯ್ಯುವುದು ನನ್ನ ಕೆಲಸ. ಒಮ್ಮೆ ನನಗೂ ಕೊಡಿ ಎಂದರೆ ‘ನಿಂಗೆ ಎಂತಕ್ಕೆ ಅದು?’ ಎನ್ನುತ್ತಿದ್ದರು, ನನಗೂ ಎಂತಕ್ಕೆ ಎಂದು ಗೊತ್ತಿರಲಿಲ್ಲ. ಗೊತ್ತಾದದ್ದು ನಲವತ್ತನೆಯ ವಯಸ್ಸಿನಲ್ಲಿ. ಅಂಗಡಿಯ ಮೀನುಗಳ ಮಂಕು ಕಣ್ಣು ನೋಡಿ ಬೇಸತ್ತು, ಎಲಿಜಬೆತ್ ಲೈನಿನ ರೈಲಿನಲ್ಲಿ ಲಂಡನ್ನಿನ ಆ ತುದಿಯಿಂದ ಈ ತುದಿಗೆ ಬಂದು, ತಮ್ಮ ಜೆಟ್ಟಿಯ ಮೇಲೆ ಸುಮ್ಮನೆ ನಿಂತಿದ್ದಾಗ, ನಿವೃತ್ತ ಬಸ್ ಚಾಲಕರೊಬ್ಬರು ತಮ್ಮ ಗಾಳದ ಕೋಲನ್ನು ನನ್ನ ಕೈಗಿತ್ತು ಟೀ ತರಲು ಹೋದರು. ಟೀ ಬರುವಷ್ಟರಲ್ಲಿ ತಮ್ಮ ಬಂಧುವೊಬ್ಬರು ಬಂದಿದ್ದರು. ಆ ಎಳೆತ ಕೈಗೆ ಸಿಕ್ಕಾಗ ಆದಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಪೈಯಸ್ ಅವರಿಗೂ ಹೇಳಿದ್ದೇನೆ, ಆಗ ಮಿಕ್ಸಿ ತಿರುಗುತ್ತಿದ್ದುದರಿಂದ ಅವರಿಗೆ ಕೇಳಿಸಲಿಲ್ಲ.

ಎರಡು ವರ್ಷ ಕಲಿತು ಮೊದಲ ಸ್ಪರ್ಧೆಗೆ ಹೋದೆ. ಅಲ್ಲಿ ನಲವತ್ತು ಗಂಡಸರು, ಇಬ್ಬರು ಹೆಂಗಸರು, ಅವರಲ್ಲಿ ಒಬ್ಬರು ಟೀ ಕೊಡಲು ಬಂದವರು. ಹಿಡಿದ ಮೀನನ್ನು ಅಳೆಸಬೇಕು, ಜೀವಂತವಾಗಿ ನೀರಿಗೆ ಬಿಡಬೇಕು, ಉದ್ದವಿದ್ದಷ್ಟೂ ಅಂಕ, ಇದು ನಿಯಮ. ಅಂದಿನ ಅತಿ ಉದ್ದದ ಮೀನು ನನಗೇ ಸಿಕ್ಕಿತು. ಆದರೆ ಜೆಟ್ಟಿಯ ಆ ಕೊನೆಯಿಂದ ತೀರ್ಪುಗಾರರು ನಡೆದು ಬರುವಷ್ಟರಲ್ಲಿ, ದೇವರಾಣೆಗೂ, ನನ್ನ ಕೈಗಳು ನನ್ನನ್ನು ಕೇಳಲಿಲ್ಲ. ಹುರುಪೆ ತೆಗೆದು, ಹೊಟ್ಟೆ ಸೀಳಿ, ತೊಳೆದು, ಮಸಾಲೆ ಹಿಡಿಯಲೆಂದು ಎರಡೂ ಬದಿಗೆ ಓರೆಯಾಗಿ ಗೆರೆ ಹಾಕಿ, ಅಳತೆಹಲಗೆಯ ಮೇಲೆ ಒಪ್ಪವಾಗಿ ಮಲಗಿಸಿಟ್ಟಿದ್ದೆ. ತೀರ್ಪುಗಾರರು ಅದನ್ನು ನೋಡಿ, ಟೊಪ್ಪಿ ತೆಗೆದು, ಇದು ನೀರಿಗೆ ಬಿಟ್ಟರೆ ಈಜುವುದೆಂಬ ಭರವಸೆ ತಮಗಿದೆಯೇ ಎಂದು ಅತ್ಯಂತ ವಿನಯದಿಂದ ವಿಚಾರಿಸಿದರು. ನನಗೆ ಸೊನ್ನೆ ಬಂತು. ಮುಂದಿನ ವರ್ಷದಿಂದ ಸ್ಪರ್ಧಿಗಳೇ ಹಲಗೆಯ ಮೇಲೆ ಮೀನಿನ ಫೋಟೋ ತೆಗೆದು ಕೂಡಲೇ ಬಿಡಬೇಕೆಂಬ ಹೊಸ ನಿಯಮ ಬಂತು, ಅದಕ್ಕೆ ಕಾರಣ ನಾನೇ ಎಂದು ಹೆಮ್ಮೆಯಿಂದ ತಿಳಿಸುತ್ತೇನೆ.

ಅಲ್ಲಿಂದ ಮೂರು ವರ್ಷ ನಾನು ಕಲಿತದ್ದು ಹಿಡಿಯುವುದನ್ನಲ್ಲ, ಬಿಡುವುದನ್ನು. ಪೈಯಸ್ ಮಾತ್ರ ಪ್ರತಿ ಸ್ಪರ್ಧೆಯ ಬೆಳಿಗ್ಗೆ ತೆಂಗಿನಕಾಯಿ, ಮೆಣಸು ಹಾಕಿ ಮಸಾಲೆ ಅರೆದಿಡುತ್ತಾರೆ, ನಾನು ಖಾಲಿ ಚೀಲ ಹಿಡಿದು ಬಂದರೆ ಫೋಟೋ ನೋಡಿ ‘ಎಂತ ಮಾರಾಯ್ತಿ, ಇಷ್ಟು ದೊಡ್ಡದನ್ನು ಬಿಟ್ಟದ್ದಾ? ಮಂಡೆ ಸಮ ಉಂಟಾ ನಿಂಗೆ?’ ಎಂದು ಕೇಳಿ, ಅದೇ ಮಸಾಲೆಗೆ ಮೊಟ್ಟೆ ಹಾಕುತ್ತಾರೆ. ಹೀಗೆ ಮೊಟ್ಟೆ ತಿಂದೇ ನಾನು ಈ ವರ್ಷದ ಅಂತಿಮ ಸ್ಪರ್ಧೆಯವರೆಗೆ ಬಂದೆ. ಗೆದ್ದವರನ್ನು ಗಾಳ ತಯಾರಿಸುವ ಕಂಪನಿಯೊಂದು ವೃತ್ತಿಪರ ಸ್ಪರ್ಧಿಯಾಗಿ ಕೆಲಸಕ್ಕೆ ತೆಗೆದುಕೊಳ್ಳುತ್ತದೆ, ಅಂದರೆ ಸ್ಕ್ಯಾನರ್ ಕೆಳಗಿಟ್ಟು ಇಡೀ ವರ್ಷ ತಮ್ಮಂಥವರ ಬೆನ್ನು ಹತ್ತಬಹುದು. ಎಲೀಷಾ ಆಗಲೇ ಶಾಲೆಯ ಫಾರಂನಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ‘ಪ್ರೊಫೆಷನಲ್ ಬ್ಯಾಸ್ ಫಿಷರ್’ ಎಂದು ಬರೆದಿಟ್ಟಿದ್ದಾಳೆ. ಇನ್ನೂ ಆಗಿಲ್ಲ ಮಗಾ, ಅಳಿಸು ಎಂದರೆ ‘ಮಮ್, ಇಟ್ಸ್ ಇನ್ ಪೆನ್’ ಎಂದಳು.

ಇನ್ನು ದೂರಿಗೆ ಬರುತ್ತೇನೆ. ಆ ಶನಿವಾರ ಅಂತಿಮ ಸ್ಪರ್ಧೆ ಮುಗಿಯಲು ಒಂಬತ್ತು ನಿಮಿಷವಿದ್ದಾಗ ತಾವು ದಯಮಾಡಿಸಿದಿರಿ. ಹಲಗೆಯ ಮೇಲೆ ಎಪ್ಪತ್ತೊಂದು ಸೆಂಟಿಮೀಟರ್! ಫೋಟೋ ತೆಗೆಯಲು ಸ್ಪರ್ಧೆಯವರ ಆ್ಯಪ್ ತೆರೆಯಬೇಕು, ಅದಕ್ಕೆ ಫೋನು ಎತ್ತಿದೆ. ಆದರೆ ತಮ್ಮ ಲೋಳೆ ಮೆತ್ತಿದ ಹೆಬ್ಬೆರಳನ್ನು ನನ್ನ ಫೋನು ಗುರುತಿಸಲಿಲ್ಲ, ಒರೆಸಿಕೊಂಡರೂ ಗುರುತಿಸಲಿಲ್ಲ, ಅಂಕಿ ಒತ್ತು ಎಂದಿತು. ಆ ಅಂಕಿ ಎಲೀಷಾಳ ಹುಟ್ಟಿದ ದಿನ, ಹೆತ್ತವಳಿಗೇ ಅದು ನೆನಪಾಗಲಿಲ್ಲ. ಅಷ್ಟರಲ್ಲಿ ತಮ್ಮ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆದದ್ದು ಮುಚ್ಚಲಿಲ್ಲ. ಮೀನು ಸಾಯುವುದನ್ನು ಸಾವಿರ ಸಲ ನೋಡಿ ಊಟಕ್ಕೆ ಕುಳಿತವಳು ನಾನು, ಅವತ್ತು ಮಾತ್ರ ನೋಡಲಾಗಲಿಲ್ಲ. ಫೋಟೋ ಇಲ್ಲದೆಯೇ ತಮ್ಮನ್ನು ಇಳಿಸಿಬಿಟ್ಟೆ. ತಾವಾದರೋ ಒಂದು ಸಲ ತಿರುಗಿಯೂ ನೋಡದೆ, ರೈಲು ತಪ್ಪಿಹೋಗುವವರಂತೆ ಹೊರಟುಹೋದಿರಿ. ಫೋಟೋ ಇಲ್ಲದ ತಾವು ಲೆಕ್ಕಕ್ಕೆ ಬರಲಿಲ್ಲ, ಅದಕ್ಕೂ ಮೊದಲು ಹಿಡಿದಿದ್ದ ಮೀನುಗಳ ಲೆಕ್ಕದಲ್ಲಿ ನಾನು ಮೂರು ಸೆಂಟಿಮೀಟರ್ ಅಂತರದಲ್ಲಿ ಎರಡನೆಯವಳಾದೆ.

ಅಂತರ ಇಷ್ಟು ಕಡಿಮೆಯಾದ್ದರಿಂದ ಕಂಪನಿಯವರು ಮೊದಲು ಬಂದ ನೀಲಿ ಟೊಪ್ಪಿಯವರಿಗೂ ನನಗೂ ಮಾತ್ರ ಬರುವ ಶನಿವಾರ ಅದೇ ಜೆಟ್ಟಿಯಲ್ಲಿ ಇನ್ನೊಂದು ಸುತ್ತು ಇಟ್ಟಿದ್ದಾರೆ. ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಬೆಳಿಗ್ಗೆ ಹನ್ನೊಂದಕ್ಕೆ, ಭರತದ ನೀರು ಇಳಿತಕ್ಕೆ ತಿರುಗುವ ಹೊತ್ತಿಗೆ, ಎಡದಿಂದ ಮೂರನೆಯ ಕಂಬದ ಬಳಿ ಆಗಮಿಸಬೇಕು, ಸಾಧ್ಯವಾದರೆ ಈ ವಾರದಲ್ಲಿ ಇನ್ನೆರಡು ಸೆಂಟಿಮೀಟರ್ ಬೆಳೆದುಕೊಂಡು ಬರಬೇಕು, ಹಲಗೆಯ ಮೇಲೆ ನಾಲ್ಕೇ ಸೆಕೆಂಡು ಬಾಲ ಚಾಚಿ ಮಲಗಬೇಕು. ನೀಲಿ ಟೊಪ್ಪಿಯ ಪ್ರತಿಸ್ಪರ್ಧಿ ತುಂಬಾ ಒಳ್ಳೆಯವರು, ನನ್ನ ಇಕ್ಕಳ ಮುರಿದಾಗ ತಮ್ಮದನ್ನು ಕೊಟ್ಟವರು, ಆದರೂ ತಾವು ಅವರ ಕಡೆ ಸುಳಿಯಕೂಡದು. ಫೋನಿನ ಬೀಗವನ್ನು ನಾನು ಪೂರ್ತಿ ತೆಗೆಸಿದ್ದೇನೆ. ಎಲೀಷಾಳ ಫಾರಂ ಸೋಮವಾರ ಶಾಲೆಗೆ ಹೋಗುತ್ತದೆ, ನನ್ನ ಮಗಳು ಸುಳ್ಳು ಬರೆದಳೆಂದು ಆಗಬಾರದು, ಇದೊಂದೇ ನನ್ನ ನಿಜವಾದ ಬೇಡಿಕೆ.

ಮೂರನೆಯ ಕಂಬದ ಬಳಿ ಕಾದಿರುವ,
ತಮ್ಮ ವಿಶ್ವಾಸಿ,
ವ್ಯಾಲೆಂಟೀನಾ

ವಿ.ಸೂ.: ಬಿಡಬೇಕೆಂಬ ನಿಯಮ ಸ್ಪರ್ಧೆಯ ದಿನಕ್ಕೆ ಮಾತ್ರ ಎಂಬುದನ್ನು ತಾವು ಗಮನಿಸಿರಬಹುದು. ಶನಿವಾರ ತಾವು ಬಾರದಿದ್ದರೆ ಭಾನುವಾರ ಚರ್ಚಿನ ಪೂಜೆ ಮುಗಿಸಿ ನಾನೇ ಬರುತ್ತೇನೆ, ಅಂದು ನಾನು ಬರೀ ಉದ್ಯಾವರದ ಹೆಂಗಸು. ಪೈಯಸ್ ಮಸಾಲೆ ಅರೆದಿಟ್ಟಿರುತ್ತಾರೆ. ಫೋನನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ.