ಬೇವಿನಮರದ ಕಡೆಯ ಹಲ್ಲು

ಸೇತುರಾಯರ ಮೋಟಾರು ಸಪಾಟು ರಸ್ತೆಯಲ್ಲಿ ಹೊಸ ಅಳಿಯನಂತೆ ಗತ್ತಿನಿಂದ ಬರುತ್ತಿತ್ತು. ಆನಿಕೆರೆಯ ಏರು ಕಂಡೊಡನೆ, ಕೆಲಸ ಹೇಳಿಸಿಕೊಂಡ ಅಳಿಯನಂತೆ, ಕೆಮ್ಮಿ ನರಳಿ ಕುಳಿತುಬಿಡುತ್ತಿತ್ತು.

ಆಗ ನೆರೆಯ ರೈತ ಗುದ್ಲೆಪ್ಪ ಹೊಲದ ಕೆಲಸ ಬಿಟ್ಟು ಬರುವನು. ದಾರಿಹೋಕರು ಗಂಟು ಇಳಿಸಿ ಬರುವರು. ಎಲ್ಲರೂ ಬೆನ್ನು ಕೊಟ್ಟು ಮೋಟಾರನ್ನು ಮೇಲಕ್ಕೆ ಮುಟ್ಟಿಸುವರು. ರಾಯರು ಇಳಿದು ಒಬ್ಬೊಬ್ಬರಿಗೂ ಕೈಮುಗಿದು, “ನಿಮ್ಮ ಉಪಕಾರ ಯಾವ ಜನ್ಮಕ್ಕೂ ತೀರೂದಿಲ್ರಿ” ಅನ್ನುವರು. ಹಾನಗಲ್ಲಿನ ವಕೀಲರಲ್ಲಿ ಬೈಯಲು ಬಾರದವರು ಅವರೊಬ್ಬರೇ. ಕಾಲು ತುಳಿದವನಿಗೂ, ತುಳಿದು ಮುಂದೆ ಹೋದನಲ್ಲ, ಅಲ್ಲೇ ನಿಲ್ಲಲಿಲ್ಲವಲ್ಲ ಎಂದು ಉಪಕಾರ ಹೇಳುವ ಜೀವ.

“ಉಪಕಾರ ಇರ್ಲಿ ವಕೀಲ್ರ,” ಅನ್ನುತ್ತಿದ್ದ ಗುದ್ಲೆಪ್ಪ, ಸೊಂಟ ಹಿಡಿದುಕೊಂಡು. “ನನ್ನ ಎತ್ತಿನ ಮ್ಯಾಲೆ ಕುಂತಿದ್ರ ಇಷ್ಟೊತ್ತಿಗೆ ತಿಳವಳ್ಳಿ ಮುಟ್ತಿದ್ರಿ.”

ಆ ಸೊಂಟ ನೋಡಿದಾಗೆಲ್ಲ ರಾಯರಿಗೆ ಕರುಳು ಚುರ್ ಅನ್ನುತ್ತಿತ್ತು. ಹಾಗಂತ ಮೋಟಾರನ್ನು ರಿಪೇರಿಗೆ ಹಾಕಲು ಅವರಿಗೆ ಧೈರ್ಯ ಬಂದದ್ದು ಮಾತ್ರ ಭಾಗೀರಥಿಬಾಯಿಯ ದೆಸೆಯಿಂದ.

ಭಾಗೀರಥಿಬಾಯಿ ರಾಯರ ಸೋದರತ್ತೆ. ತಾಯಿಯಿಲ್ಲದ ಹುಡುಗನನ್ನು ಕಂಡವರ ಮನೆಯಲ್ಲಿ ಅಡಿಗೆ ಮಾಡಿ ಓದಿಸಿದವಳು. ತನಗೆಂದು ಏನನ್ನೂ ಬೇಡಿದವಳಲ್ಲ. ಮಠದ ಸ್ವಾಮಿಗಳು ಸವಣೂರಿನಿಂದ ಶಿಗ್ಗಾವಿಯ ಮೇಲೆ ಹಾನಗಲ್ಲಿಗೆ ಬರುತ್ತಾರೆಂಬ ಸುದ್ದಿ ಬಂದ ದಿನ ಮಾತ್ರ, ಒಲೆಯ ಮುಂದೆ ಕೂತವಳು ತಿರುಗಿ ನೋಡದೆ ಹೇಳಿದಳು: “ಒಮ್ಮೆ ನಮ್ಮ ಮನ್ಯಾಗ ಅವರ ಪಾದಾ ತೊಳದರ ಸಾಕು ನೋಡೋ.”

ಆದರೆ ಓಣಿಯ ರಾಘಣ್ಣನ ಮನೆಯಲ್ಲಿಯೂ ಪಾದಪೂಜೆಯ ತಯಾರಿ ನಡೆದಿತ್ತು. ಸ್ವಾಮಿಗಳಿಗೆ ಮೊಣಕಾಲು ನೋವು, ನಡೆಯಲಾರರು. ಸುಗ್ಗಿಯ ಕಾಲವಾದ್ದರಿಂದ ಪಲ್ಲಕ್ಕಿ ಹೊರಲು ಆಳುಗಳಿಲ್ಲ. ಹಿರಿಯರು ಕೂತು ತೀರ್ಮಾನ ಮಾಡಿದರು: ಏರಿನ ಕೆಳಗಿನ ಹನುಮಪ್ಪನ ಗುಡಿಯಿಂದ ಯಾರ ಗಾಡಿ ಗುರುಗಳನ್ನು ಮೇಲೆ ತರುತ್ತದೋ, ಅವರ ಮನೆಯಲ್ಲಿ ಪೂಜೆ.

“ನನ್ನ ದಮಣಿ ಅದ,” ಅಂದ ರಾಘಣ್ಣ. ಸವಾರಿ ಬಂಡಿಯ ಎತ್ತುಗಳ ಕೋಡಿಗೆ ಆಗಲೇ ಹಿತ್ತಾಳೆಯ ಕೋಡಣಸು ತೊಡಿಸಿದ್ದ. “ಎತ್ತಿಗೆ ಪೆಟ್ರೋಲ್ ಬ್ಯಾಡ, ನೂಕೂದೂ ಬ್ಯಾಡ.”

“ನನ್ನ ಮೋಟಾರ ಬರ್ತದ,” ಅಂದುಬಿಟ್ಟರು ಸೇತುರಾಯರು. ಅಂದ ಮೇಲೆ ಅವರಿಗೇ ಬೆವರು ಬಂತು.

ಸವಣೂರಿನಿಂದ ಮಹಮ್ಮದಗೌಸನನ್ನು ಕರೆಸಿದರು. ಹಳೇ ಗಾಡಿಗೆ ಹೊಸ ಕಸುವು ತುಂಬುವುದರಲ್ಲಿ ಆತನ ಹೆಸರು ದೊಡ್ಡದು, ಮಾತು ಇನ್ನೂ ದೊಡ್ಡದು. ವೈದ್ಯರು ನಾಡಿ ಹಿಡಿದಂತೆ ಬಾನೆಟ್ಟಿನ ಮೇಲೆ ಕೈಯಿಟ್ಟು, “ಎದಿ ಛಲೋ ಐತ್ರಿ, ಕಾಲಾಗ ಕಸುವಿಲ್ಲ” ಅಂದ. ಮೊದಲ ದಿನ ಇಂಜಿನ್ನಿನ ತಲೆ ಬಿಚ್ಚಿ ಕೆರೆದು ತೆಳ್ಳಗೆ ಮಾಡಿದ. ಕಾರ್ಬೋರೇಟರಿನ ತೂತು ಹಿಗ್ಗಿಸಿದ. ಸಂಜೆಯ ಹೊತ್ತಿಗೆ ಇಂಜಿನ್ನು ಅಖಾಡಕ್ಕಿಳಿದ ಪೈಲವಾನನಂತೆ ಗುರುಗುಟ್ಟತೊಡಗಿತು.

ಉಳಿದದ್ದು ಹಿಂದಿನ ಅಚ್ಚಿನೊಳಗಿನ ದೊಡ್ಡ ಹಲ್ಲಿನ ಚಕ್ರ. ಅದನ್ನು ತೆಗೆದು, ಮುರುಕು ಲಾರಿಯೊಂದರಿಂದ ತಂದ ಹೆಚ್ಚು ಹಲ್ಲಿನ ಚಕ್ರ ಕೂರಿಸಿದರೆ ಗಾಡಿ ಗೋಡೆಯನ್ನೂ ಹತ್ತುತ್ತದೆ ಎಂದು ಮಹಮ್ಮದಗೌಸನ ಮಾತು. ಸ್ವಾಮಿಗಳು ಬರುವ ದಿನ ಬೆಳಿಗ್ಗೆ ಅಂಗಳದಲ್ಲಿ, ಬೇವಿನಮರದ ಮಗ್ಗುಲಿಗೆ ನಿಂತ ಮೋಟಾರಿನ ಕೆಳಗೆ ತೂರಿ ಹಳೇ ಚಕ್ರ ಹೊರತೆಗೆದ.

“ಖಾದರಸಾಬರ ಮನ್ಯಾಗ ಊಟಕ್ಕ ಕರದಾರ, ಹೋಗಿ ಬರ್ತೇನ್ರಿ. ಒಂದು ನೆನಪಿಡ್ರಿ ವಕೀಲ್ರ. ಚಕ್ರದ ಹಲ್ಲು ಬೇವಿನಮರದ ಕಡೆ ಮಾರಿ ಮಾಡಿತ್ತು. ಹೊಸಾದೂ ಹಂಗ ಕುಂದರಬೇಕು.”

“ಬೇವಿನಮರದ ಕಡೆ,” ಎಂದು ರಾಯರು ಸಾಕ್ಷಿಯ ಹೇಳಿಕೆಯಂತೆ ಬಾಯಿಪಾಠ ಮಾಡಿಕೊಂಡರು.

ಆತ ಹೋದ ಬಳಿಕ ಭಾಗೀರಥಿಬಾಯಿ ರಂಗೋಲಿ ಬಟ್ಟಲು ಹಿಡಿದು ಹೊರಗೆ ಬಂದಳು. ಬಂದವಳು ನಿಂತುಬಿಟ್ಟಳು.

“ಸೇತೂ, ಗಾಡಿ ಮಾರಿ ಯಾವ ದಿಕ್ಕಿಗದನೋ? ದಕ್ಷಿಣಕ್ಕದ. ಯಮನ ದಿಕ್ಕು. ಇದರಾಗ ಗುರುಗಳು ಕೂಡ್ತಾರ.”

“ಚಕ್ರಾ ಬಿಚ್ಚೇದ ಅತ್ಯಾ, ಈಗ ಹೊಳ್ಳಸ್ಲಿಕ್ಕೆ ಬರೂದಿಲ್ಲ.”

“ಯಾಕ ಬರೂದಿಲ್ರಿ?” ಬೇಲಿಯಾಚೆಯಿಂದ ಗುದ್ಲೆಪ್ಪ ಕೇಳಿದ. “ದಿನಾ ನೂಕಾವ್ರು ಇವತ್ತ ಎತ್ತತೇವಿ.”

ಓಣಿಯೆಲ್ಲ ಸೇರಿತು. ಬಾಲದ ಕಡೆ ಹಿಡಿದು ಎತ್ತಿ, ನೆಂಟರ ಮನೆಯ ತೊಟ್ಟಿಲು ತಿರುಗಿಸಿದಂತೆ ಮೋಟಾರನ್ನು ಉತ್ತರಕ್ಕೆ ಮುಖ ಮಾಡಿಸಿ ನಿಲ್ಲಿಸಿದರು. ಭಾಗೀರಥಿಬಾಯಿ ಬಾನೆಟ್ಟಿಗೆ ಕುಂಕುಮ ಹಚ್ಚಿ, ಒಳಗಿನ ಚರ್ಮದ ಸೀಟು ಕಾಣದಂತೆ ತನ್ನ ಮಡಿಯ ಧಾಬಳಿ ಹಾಸಿದಳು. ರಾಯರು ಎಲ್ಲರಿಗೂ ಉಪಕಾರ ಹೇಳಿದರು.

ಮಹಮ್ಮದಗೌಸ ಬಂದವನೇ, “ಗಾಡಿ ಹೊಳ್ಳಿಸೀರಲ್ರಿ” ಅಂದ.

“ದಿಕ್ಕು ಸರಿ ಇದ್ದಿದ್ದಿಲ್ಲ.”

ಹೊತ್ತಾಗಿತ್ತು. ಆತ ಕೆಳಗೆ ತೂರಿದ. ಕತ್ತಲೆಯೊಳಗಿನಿಂದ ಧ್ವನಿ ಬಂತು: “ಹಲ್ಲು ಯಾವ ಕಡೆ ಅಂದಿದ್ದೆ ವಕೀಲ್ರ?”

“ಬೇವಿನಮರದ ಕಡೆ,” ಎಂದರು ಸೇತುರಾಯರು. ಕೋರ್ಟಿನಲ್ಲಿ ಅವರ ಒಬ್ಬ ಸಾಕ್ಷಿಯೂ ಎಂದೂ ಅಷ್ಟು ಖಚಿತವಾಗಿ ಹೇಳಿರಲಿಲ್ಲ.

ಚಕ್ರ ಕೂತಿತು. ಇಂಜಿನ್ನು ಗುಡುಗಿತು. ರಾಯರು ದೇವರನ್ನು ನೆನೆದು ಒಂದನೇ ಗೇರು ಹಾಕಿದರು. ಮೋಟಾರು ಹಿಂದಕ್ಕೆ ಹೊರಟಿತು. ಗಾಬರಿಯಿಂದ ಎರಡನೆಯದು ಹಾಕಿದರು. ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು. ಮೂರನೆಯದಕ್ಕೆ ನೆರೆಮನೆಯ ಸಾವಂತ್ರವ್ವ ಸಗಣಿ ತಟ್ಟಿ ಒಣಗಿಸಿದ ಕುಳ್ಳಿನ ಒಟ್ಟಿಲಿನೊಳಗೆ ಹೋಗಿ ನಿಂತಿತು.

“ಹಿಂದ ನೋಡಾಕ ಕಣ್ಣಿಲ್ಲೇನ್ರಿ ರಾಯರ?” ಎಂದು ಸಾವಂತ್ರವ್ವ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

“ನಾ ಮುಂದ ಹೊಂಟಿದ್ದೆ ಸಾವಂತ್ರವ್ವಾ, ಗಾಡೀನ ಒಪ್ಪಲಿಲ್ಲ. ಕುಳ್ಳಿನ ಬಣಿವಿ ಅಡ್ಡ ಇತ್ತು, ಇಲ್ಲಾಂದ್ರ ಬಾವ್ಯಾಗ ಬೀಳ್ತಿದ್ದೆ. ನಿನ್ನ ಉಪಕಾರ—”

ಮಹಮ್ಮದಗೌಸ ಒಮ್ಮೆ ಗಾಡಿ ನೋಡಿದ, ಒಮ್ಮೆ ಬೇವಿನಮರ ನೋಡಿದ. ಟೋಪಿ ತೆಗೆದು ತಲೆ ಕೆರೆದುಕೊಂಡ.

“ಗಾಡಿ ಹೊಳ್ಳಿಸಿದ್ರಿ, ಸರಿ. ಮರಾನೂ ಹೊಳ್ಳಿಸಬೇಕಿತ್ತಲ್ರಿ ವಕೀಲ್ರ.”

ಚಕ್ರ ಮಗ್ಗಲು ಬದಲಿಸಿ ಕೂತಿತ್ತು. ಈಗ ಗಾಡಿಗೆ ಹಿಂದಕ್ಕೆ ಹೋಗಲು ಮೂರು ಗೇರು, ಮುಂದಕ್ಕೆ ಹೋಗಲು ಒಂದೇ. ಅದೂ ಮೊದಲಿನ ರಿವರ್ಸು. ಆ ಬಡಪಾಯಿ ಗೇರು ಹುಟ್ಟಿದಾಗಿನಿಂದ ಅಂಗಳ ದಾಟಿದ್ದಿಲ್ಲ. ಮುಂದಕ್ಕೆ ಹೋಗು ಎಂದು ಒಂದು ಸಲ ಒತ್ತಿದ್ದಕ್ಕೇ, ಗಾಡಿಯನ್ನು ಒಟ್ಟಿಲಿನಿಂದ ಓಣಿಗೆ ಎಳೆದುತಂದು, ಕಟಕ್ ಎಂದು ಹಲ್ಲು ಉದುರಿಸಿಕೊಂಡಿತು.

“ಮತ್ತ ಬಿಚ್ಚಿ ಕೂಡಿಸ್ಲಿಕ್ಕೆ ಎಷ್ಟೊತ್ತ ಬೇಕೋ?” ಎಂದರು ರಾಯರು.

“ನಾಳಿ ಮಧ್ಯಾಹ್ನ ಆಕ್ಕೈತ್ರಿ.”

ಕೆರೆಯ ಕಡೆಯಿಂದ ಜಾಗಟೆಯ ಸದ್ದು ಕೇಳಿತು. ಸ್ವಾಮಿಗಳು ಗುಡಿಗೆ ಬಂದುಬಿಟ್ಟಿದ್ದರು. ರಾಘಣ್ಣನ ದಮಣಿ ಗೆಜ್ಜೆ ಕುಣಿಸುತ್ತ ಏರು ಇಳಿಯುತ್ತಿತ್ತು. ಒಳಗೆ ಭಾಗೀರಥಿಬಾಯಿ ಬೆಳ್ಳಿಯ ತಟ್ಟೆಯನ್ನು ಹುಣಸೆಹಣ್ಣು ಹಚ್ಚಿ ಇನ್ನೊಮ್ಮೆ ತಿಕ್ಕುವ ಸದ್ದು. ಆಗಲೇ ಥಳಥಳಿಸುತ್ತಿದ್ದ ತಟ್ಟೆ ಅದು.

ಆ ಸದ್ದು ರಾಯರ ಕಿವಿಗೆ ಬಿತ್ತು. ಆಮೇಲೆ ಮೋಟಾರು ಹತ್ತಿ, ಕುತ್ತಿಗೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಹೊರಟರು.

ಬಾಲ ಮುಂದಾಗಿ ಇಳಿದುಬಂದ ಮೋಟಾರು ಅರ್ಧ ದಾರಿಯಲ್ಲಿ ದಮಣಿಯ ಮಗ್ಗುಲಿಗೆ ಬಂತು. ಬಾಲದಿಂದ ನಡೆಯುವ ಪ್ರಾಣಿಯನ್ನು ಎತ್ತುಗಳು ಕಂಡದ್ದಿಲ್ಲ. ರಾಘಣ್ಣನ ಸಮೇತ ಜೋಳದ ಹೊಲಕ್ಕೆ ಇಳಿದುಹೋದವು. “ದಾರಿ ಬಿಟ್ಟಿದ್ದಕ್ಕ ಉಪಕಾರ ಆತು ರಾಘಣ್ಣಾ” ಎಂದು ರಾಯರು ಕೂಗಿದ್ದು ಜೋಳದೊಳಗೆ ಕೇಳಿಸಿತೋ ಇಲ್ಲವೋ.

ಗುಡಿಯ ಬಯಲಿನಲ್ಲಿ ಮೋಟಾರು ಹಿಂದುಹಿಂದಕ್ಕೇ ದೊಡ್ಡ ಸುತ್ತು ಹಾಕಿ, ಏರಿಗೆ ಬಾಲ, ಹನುಮಪ್ಪನಿಗೆ ಮುಖ ಮಾಡಿ ನಿಂತಿತು. ಬೇರೆ ಗಾಡಿಯಿರಲಿಲ್ಲ. ವೃದ್ಧ ಸ್ವಾಮಿಗಳು ಹಿಂದಿನ ಸೀಟಿನಲ್ಲಿ ಧಾಬಳಿಯ ಮೇಲೆ ಕೂತರು. ರಾಯರು ಉಸಿರು ಬಿಗಿಹಿಡಿದು ಗೇರು ಹಾಕಿದರು.

ಮೋಟಾರು ಹಿಂದುಹಿಂದಕ್ಕೆ ಏರು ಹತ್ತಿತು. ಕೆಮ್ಮಲಿಲ್ಲ, ನರಳಲಿಲ್ಲ. ಭಕ್ತರು ಬಾನೆಟ್ಟಿನ ಕಡೆಯಿಂದ ಹಿಂಬಾಲಿಸಿದರು. ಸ್ವಾಮಿಗಳ ಮುಖ ಎಲ್ಲರಿಗೂ ದಾರಿಯುದ್ದಕ್ಕೂ ಕಾಣುತ್ತಿತ್ತು. ಸೇತುರಾಯರಂತೂ ಸೀಟಿನಲ್ಲಿ ತಿರುಗಿ ಕೂತು, ಸ್ವಾಮಿಗಳ ಕಿವಿಯ ಪಕ್ಕದಿಂದ ರಸ್ತೆ ನೋಡುತ್ತ, ರೆಪ್ಪೆ ಮಿಟುಕಿಸಲಿಲ್ಲ.

“ನೋಡ್ರಿ, ಗುರುಗಳ ಮಾರಿ ಬಿಟ್ಟು ಕಣ್ಣ ಕದಲಸವಲ್ಲರು,” ಎಂದು ಗುದ್ಲೆಪ್ಪ ಪಕ್ಕದವರಿಗೆ ಹೇಳಿದ. ಸಾವಂತ್ರವ್ವ ಸೆರಗಿನಿಂದ ಕಣ್ಣೊರಸಿಕೊಂಡಳು. ಕುಳ್ಳಿನ ಮಾತು ಅವಳಿಗೆ ಮರೆತೇಹೋಗಿತ್ತು.

ಪಾದಪೂಜೆ ಆಯಿತು. ಗುರುಗಳ ಮುಖವನ್ನೇ ನೋಡುತ್ತ ಭಾಗೀರಥಿಬಾಯಿ ಸುರಿದ ನೀರು ಪಾದಕ್ಕಿಂತ ನೆಲಕ್ಕೇ ಹೆಚ್ಚು ಬಿತ್ತು. ಸೇತುವಿನ ಕಡೆ ಒಮ್ಮೆ ನೋಡಿದಳು, ಅಷ್ಟೆ. ಇಷ್ಟು ವರ್ಷ ಊರಿಗೆಲ್ಲ ಉಪಕಾರ ಹೇಳಿದ ರಾಯರು ಚೆಲ್ಲಿದ ನೀರನ್ನು ತಮ್ಮ ಶಲ್ಯದಿಂದ ಒರೆಸತೊಡಗಿದರು.

ಸ್ವಾಮಿಗಳು ಮಾತಾಡಿದರು. “ಭಾಳ ಊರು ತಿರಗೇವಿ. ಎಲ್ಲಾ ಕಡೆ ನಮ್ಮನ್ನ ಗಾಡ್ಯಾಗ ಕೂಡಿಸಿ, ಹಿಂದ ಬರೋ ಜನಕ್ಕ ನಮ್ಮ ಬೆನ್ನು ತೋರಸ್ತಾರ. ಈತ ಹನುಮಪ್ಪಗೂ ಬೆನ್ನು ಮಾಡಗೊಡಲಿಲ್ಲ, ಜನಕ್ಕೂ ಮಾಡಗೊಡಲಿಲ್ಲ. ಇಂಥಾ ಸೇವಾ ಯಾರಿಗೂ ಹೊಳದಿದ್ದಿಲ್ಲ.”

“ಗುರುಗಳೇ, ಅದು ಬೇವಿನಮರ—” ಎಂದು ರಾಯರು ಶುರುಮಾಡಿದರು.

“ವಿನಯ,” ಎಂದು ಸ್ವಾಮಿಗಳು ನಕ್ಕರು. “ನಾಡದು ಹಿರೇಕೆರೂರಿಗೆ ಹೊರಡ್ತೇವಿ. ಸಂಚಾರ ಮುಗಿಯೂತನಕ ಇದೇ ಗಾಡಿ, ಹಿಂಗ. ಇದರ ಒಂದು ಮೊಳಿನೂ ಬಿಚ್ಚಬಾರದು.”

ಮಹಮ್ಮದಗೌಸನಿಗೆ ಫಲ, ಶಾಲು ಸಿಕ್ಕವು. ತೆನೆಯ ಸಿಬರು ಕೊಡವುತ್ತ ಬಂದ ರಾಘಣ್ಣ ಆತನ ತೋಳು ಹಿಡಿದು, “ನಾನೂ ಒಂದು ಹಳೇ ಮೋಟಾರ ತರ್ತೇನಿ, ಹಿಂಗ ಮಾಡಿ ಕೊಡಬೇಕು” ಅಂದ. ರಾಯರು ಮೂಲೆಗೆ ಕರೆದು, ಗುಟ್ಟಾಗಿ ಸರಿಮಾಡಿಕೊಡು ಎಂದು ಬೇಡಿದಾಗ ಮಹಮ್ಮದಗೌಸ ಶಾಲು ಸರಿಪಡಿಸಿಕೊಂಡ. “ಗುರುಗಳ ಮಾತ ಮೀರಾಕ ಆಗಂಗಿಲ್ರಿ. ಕುತಗಿಗೆ ಎಣ್ಣಿ ಹಚ್ಕೋರಿ.”

ಸಂಜೆ ಜನ ಚದುರುವಾಗ ಮೋಟಾರು ಓಣಿಯ ನಡುವೆ ನಿಂತಿತ್ತು. ರಾಘಣ್ಣನ ದಮಣಿಗೆ ದಾರಿಯಿಲ್ಲ. ರಾಯರು ಹ್ಯಾಂಡಲ್ ತಿರುಗಿಸಿದರು, ಪೆಟ್ರೋಲು ತೀರಿತ್ತು.

“ಗುದ್ಲೆಪ್ಪಾ, ಒಂಚೂರು ಕೈ ಹಚ್ಚಪಾ.”

ಗುದ್ಲೆಪ್ಪ ದೂರ ಸರಿದು ಕೈಮುಗಿದ. “ಗುರುಗಳು ಕುಂತ ಗಾಡಿ ರೀ. ಹೊಲದಿಂದ ಬಂದೇನಿ, ಜಳಕ ಆಗಿಲ್ಲ. ಹೆಂಗ ಮುಟ್ಲಿ?”

ದಿನವೂ ನೂಕುತ್ತಿದ್ದವರೆಲ್ಲ ಸಾಲಾಗಿ ಕೈಮುಗಿದು ನಿಂತರು. ರಾಯರು ತಾವೇ ಭುಜ ಕೊಡಲು ಹೋದಾಗ ಹೊಸ್ತಿಲಿನಿಂದ ಭಾಗೀರಥಿಬಾಯಿಯ ಧ್ವನಿ ಬಂತು: “ಸೇತೂ, ಕುಳ್ಳಿನ ಧೂಳು ಹತ್ತೇದ ಮೈಗೆ. ಮೈಲಿಗ್ಯಾಗ ಮುಟ್ಟಬ್ಯಾಡ.”

ಸೇತುರಾಯರು ಬಾವಿಯ ಕಟ್ಟೆಗೆ ಹೋಗಿ ತಲೆಯ ಮೇಲೆ ಎರಡು ಕೊಡ ಸುರಿದುಕೊಂಡು ಬಂದರು. ಒದ್ದೆ ಧೋತರದಲ್ಲಿ, ತಿರುಚಿದ ಕುತ್ತಿಗೆಯಲ್ಲಿ, ಒಬ್ಬರೇ ಮೋಟಾರು ನೂಕಿದರು. ಓಣಿಯೆಲ್ಲ ಭಕ್ತಿಯಿಂದ ದಾರಿ ಬಿಟ್ಟಿತು. ಗೋಡೆಯ ಬದಿಗೆ ಗಾಡಿ ಮುಟ್ಟಿದ ಮೇಲೆ, ಹಲ್ಲು ಕಟಕಟಿಸುತ್ತಿದ್ದರೂ, ರೂಢಿಯಂತೆ ಎಲ್ಲರ ಕಡೆ ತಿರುಗಿ ಕೈಮುಗಿದರು.

“ನಿಮ್ಮ ಉಪಕಾರ ಯಾವ ಜನ್ಮಕ್ಕೂ ತೀರೂದಿಲ್ರಿ.”