ಎರಡು ಸೈಕಲ್ಲು, ನೂರು ಯಜಮಾನರು

ನಮ್ಮ ಕಡೆ ಹೆಂಗಸೊಬ್ಬಳು ತನಗೇ ಅಂತ ಏನನ್ನಾದರೂ ಆರಿಸಲು ಹೊರಟರೆ ಸಾಕು, ಕೆಲಸವಿಲ್ಲದವರಿಗೆಲ್ಲ ಕೆಲಸ ಸಿಗುತ್ತದೆ. ಕೆಲಸವಿದ್ದವರೂ ಬಿಟ್ಟು ಬರುತ್ತಾರೆ. ನಾನು ಅಜ್ಜಂಪುರದ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್. ನಲವತ್ತೆರಡು ವರ್ಷದಲ್ಲಿ ನಾನೇ ಆರಿಸಿದ ಗಾಡಿ ಒಂದೂ ಇಲ್ಲ. ಚಿಕ್ಕವಳಿದ್ದಾಗ ಅಣ್ಣ ಹೊಡೆದು ಬಿಟ್ಟ ಸೈಕಲ್ಲು, ಮದುವೆಯಾದ ಮೇಲೆ ಗಂಡ ನೋಡಿ ತಂದ ಸ್ಕೂಟಿ. ಅದರ ಬಣ್ಣವನ್ನೂ ನನ್ನನ್ನು ಕೇಳಿರಲಿಲ್ಲ. ಈ ಸಲ ಸೈಕಲ್ ಕೊಳ್ಳುವಾಗ ನಾನೇ ಆರಿಸುತ್ತೇನೆ, ಯಾರೂ ಮಧ್ಯೆ ಬಾಯಿ ಹಾಕಕೂಡದು ಎಂದು ಮನೆಯಲ್ಲಿ ಹೇಳಿಬಿಟ್ಟೆ. ಅತ್ತೆ "ಆಯ್ತು ಕಣೇ" ಅಂದರು. ಗಂಡ ಮೊಬೈಲಿನಿಂದ ತಲೆ ಎತ್ತದೆ "ಹೂಂ" ಅಂದರು.

ಚಿಕ್ಕಮಗಳೂರಿನ ಸೈಕಲ್ ಅಂಗಡಿಯವರು ಪರಿಚಯದವರು. "ಎರಡನ್ನೂ ಒಂದು ವಾರ ಹೊಡೆದು ನೋಡಿ ಮೇಡಂ, ಬೇಡವಾದದ್ದನ್ನ ಸೋಮವಾರ ವಾಪಸ್ ಕೊಡಿ" ಎಂದರು. ಒಂದು ಸೈಕ್ಲೋಕ್ರಾಸ್, ಇನ್ನೊಂದು ಗ್ರಾವೆಲ್. ಎರಡಕ್ಕೂ ಟಗರಿನ ಕೊಂಬಿನ ಹಾಗೆ ಬಗ್ಗಿದ ಹ್ಯಾಂಡಲ್. ದೂರದಿಂದ ಅವಳಿ ಜವಳಿ. ಸೈಕ್ಲೋಕ್ರಾಸ್ ಕೆಸರಿನ ರೇಸಿಗೆ ಮಾಡಿದ್ದು. ಟೈರು ಸಣ್ಣ, ಮೈ ಹಗುರ, ಅಡ್ಡ ಏನಾದರೂ ಬಂದರೆ ಇಳಿದು ಹೆಗಲ ಮೇಲೆ ಹೊತ್ತು ಓಡಬೇಕು. ಗ್ರಾವೆಲ್ ಎಂದರೆ ಕಲ್ಲುಮಣ್ಣಿನ ದಾರಿಯಲ್ಲಿ ದಿನವಿಡೀ ಹೊಡೆಯುವಂಥದ್ದು. ಟೈರು ದಪ್ಪ, ಕೂರುವುದು ಆರಾಮ. ಇಷ್ಟೇ ವಿಷಯ. ಇದನ್ನು ಆ ವಾರ ಎಷ್ಟು ಜನಕ್ಕೆ ಹೇಳಿದೆನೋ, ಒಬ್ಬರಾದರೂ ಕೊನೆಯವರೆಗೆ ಕೇಳಿಸಿಕೊಳ್ಳಲಿಲ್ಲ.

ಅಣ್ಣನ ಡ್ರಿಲ್ಲಿಂಗ್ ಮೆಷಿನ್

ಸೈಕಲ್ ತಂದದ್ದು ನನ್ನ ಅಣ್ಣನ ಗೂಡ್ಸ್ ಆಟೋದಲ್ಲಿ. ಸಖರಾಯಪಟ್ಟಣ, ಕಡೂರು ದಾಟಿ ಹಿರೇನಲ್ಲೂರಿನ ತವರುಮನೆಯಲ್ಲಿ ಊಟಕ್ಕೆ ನಿಂತೆವು. ಅತ್ತಿಗೆ ಬಲವಂತ ಮಾಡಿ ಎರಡು ಮುದ್ದೆ ಹಾಕಿದಳು. ಕೈ ತೊಳೆದು ಹೊರಗೆ ಬಂದರೆ, ಗ್ರಾವೆಲ್ ಸೈಕಲ್ಲಿಗೆ ಅಪ್ಪನ ಹಳೇ ಸೈಕಲ್ಲಿನ ಕ್ಯಾರಿಯರ್ ಬಂದು ಕೂತಿದೆ. ಅದರ ಮೇಲೆ ಒಂದು ಬೂಸಾ ಮೂಟೆ.

"ಏನೋ ಇದು?"

"ಹಿಂದ್ಗಡೆ ತೂತು ಕೊಟ್ಟವ್ರಲ್ಲ, ಕ್ಯಾರಿಯರ್ ಹಾಕ್ಲಿ ಅಂತ ತಾನೇ ಕೊಟ್ಟಿರೋದು? ಮೂಟೆ ಕೂತ್ಕಂತು. ಇದು ಪಾಸ್."

ನನಗೆ ಮೈ ಉರಿಯಿತು. ಆದರೆ ಅವನ ಕೈಯಲ್ಲಿದ್ದ ಡ್ರಿಲ್ಲಿಂಗ್ ಮೆಷಿನ್ ಕಂಡ ಮೇಲೆ ಉರಿ ಹೋಗಿ ನಡುಕ ಬಂತು. ಅವನು ಸೈಕ್ಲೋಕ್ರಾಸ್ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ.

"ಇದಕ್ಕೆ ತೂತೇ ಇಲ್ಲ ಕಣೇ. ಎಲ್ಲಿ ಕೊರೀಲಿ ಹೇಳು."

"ಲೇ ಅಣ್ಣಾ, ಅದನ್ನ ವಾಪಸ್ ಕೊಡಬೇಕಾಗ್ಬೋದು ಕಣೋ!" ಎಂದು ಕಿರುಚಿದೆ.

ಅವನು ಮೆಷಿನ್ ಕೆಳಗಿಟ್ಟು, ನೊಂದವನ ಹಾಗೆ ನನ್ನನ್ನು ನೋಡಿದ. "ಇರ್ಲಿ ಬಿಡು, ತೂತು ಹಾಕಿ ಕೊಟ್ರೆ ಅವ್ರಿಗೂ ಒಂದು ಉಪಕಾರ ಆಗ್ತಿತ್ತು."

ಹೊತ್ತುಕೊಂಡು ಓಡಿದ್ದು

ಮಂಗಳವಾರ ರಜೆಯಿತ್ತು. ಸೈಕ್ಲೋಕ್ರಾಸ್ ಹತ್ತಿ ತರೀಕೆರೆ ಕಡೆ ಹೊರಟೆ. ತರೀಕೆರೆ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ನೀರಿನ ಪೈಪಿಗೆಂದು ರಸ್ತೆಗೆ ಅಡ್ಡ ಗುಂಡಿ ತೋಡಿ, ಮಣ್ಣನ್ನು ಗುಡ್ಡೆ ಹಾಕಿದ್ದರು. ಈ ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೆ? ಜಿಗಿದು ಇಳಿದೆ, ಹೆಗಲಿಗೇರಿಸಿದೆ, ಗುಡ್ಡೆ ಹತ್ತಿ ಇಳಿದು ಓಡಿದೆ. ಮೊಬೈಲಿನ ವಿಡಿಯೋದಲ್ಲಿ ನೋಡಿ ಕಲಿತದ್ದು ಒಂದೇ ಸಲಕ್ಕೆ ಬಂತು. ನನಗೆ ನನ್ನ ಮೇಲೇ ಹೆಮ್ಮೆಯಾಯಿತು.

ಆಚೆ ಬದಿಯಲ್ಲಿ ತೆಂಗಿನಕಾಯಿ ತುಂಬಿಕೊಂಡು ನಿಂತಿದ್ದ ಆಟೋದವನು ಓಡಿ ಬಂದ. "ಅಯ್ಯೋ, ಯಾರೂ ಇಲ್ವೇನಕ್ಕಾ ನಿಮ್ ಜೊತೆ? ಕೊಡಿ ಇಲ್ಲಿ."

"ಏನೂ ಆಗಿಲ್ಲಪ್ಪಾ, ಚೆನ್ನಾಗೇ ಇದೆ."

"ಚೆನ್ನಾಗಿದ್ರೆ ಯಾಕ್ ಹೊತ್ಕಂಡು ಓಡ್ತೀರ?"

ಉತ್ತರ ಕೊಡುವಷ್ಟರಲ್ಲಿ ಸೈಕಲ್ ಕಾಯಿಗಳ ಮೇಲೆ ಮಲಗಿತ್ತು. ಬೇರೆ ದಾರಿಯಲ್ಲಿ ಸುತ್ತಿಕೊಂಡಾದರೂ ಅಜ್ಜಂಪುರಕ್ಕೆ ಬಿಟ್ಟೇ ಹೋಗುತ್ತೇನೆಂದು ಅವನು ಹಟ ಹಿಡಿದ. ಮುಂದಿನ ಸೀಟಿನಲ್ಲಿದ್ದ ಅವನ ತಾಯಿ ಸರಿದು ಜಾಗ ಕೊಟ್ಟರು. ನಾನು ಕೋಪದಲ್ಲೇ ಅವರಿಗೂ ವಿವರಿಸಿದೆ: "ಇದು ಹೊತ್ಕೊಳ್ಳೋಕೇ ಅಂತ ಮಾಡಿರೋ ಸೈಕಲ್ಲು ಅಮ್ಮಾ. ಅದಕ್ಕೇ ಇಷ್ಟು ಹಗುರ."

ಆಕೆ ಜಗಿಯುತ್ತಿದ್ದ ಎಲೆ ಅಡಿಕೆಯನ್ನು ದವಡೆಗೆ ಸರಿಸಿದರು. "ಹೊತ್ಕೊಳ್ಳೋಕೇ ಆದ್ರೆ ಸೈಕಲ್ ಯಾಕವ್ವ, ಒಂದು ಸೌದೆ ಹೊರೆ ಹೊತ್ಕಬೋದಿತ್ತಲ್ಲ."

ಕಡೂರಿನ ಚಾಚಾ

ಗುರುವಾರ ಕಡೂರಿನಲ್ಲಿ ಕಚೇರಿ ಕೆಲಸವಿತ್ತು. ಗ್ರಾವೆಲ್ ಸೈಕಲ್ಲಿನಲ್ಲೇ ಹೋದೆ. ದಾರಿಯಲ್ಲಿ ಟೈರಿಗೆ ಒಂದು ಜಾಲಿಮುಳ್ಳು ಚುಚ್ಚಿತು. ಈ ಸೈಕಲ್ಲಿನ ಟೈರಿನಲ್ಲಿ ಟ್ಯೂಬ್ ಇರುವುದಿಲ್ಲ. ಬದಲಿಗೆ ಬಿಳಿ ದ್ರಾವಣ ಹಾಕಿರುತ್ತಾರೆ, ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಮುಚ್ಚಿಯೂ ಕೊಂಡಿತ್ತು. ಸ್ವಲ್ಪ ಗಾಳಿ ಹಾಕಿಸಿಕೊಳ್ಳೋಣವೆಂದು, ಹೈಸ್ಕೂಲ್ ದಿನಗಳಿಂದ ಗೊತ್ತಿದ್ದ ಸೈಕಲ್ ಶಾಪಿನ ಚಾಚಾ ಹತ್ತಿರ ಬಿಟ್ಟು ಕಚೇರಿಗೆ ಹೋದೆ. ಅದೇ ತಪ್ಪಾಯಿತು.

ಬರುವಷ್ಟರಲ್ಲಿ ಚಾಚಾ ಎರಡೂ ಟೈರು ಬಿಚ್ಚಿದ್ದರು. ಅಂಗಡಿ ಮುಂದೆಲ್ಲ ಬೆಳ್ಳಗೆ. ನನಗಿಂತ ಹೆಚ್ಚು ಕೋಪ ಅವರಿಗೆ ಬಂದಿತ್ತು.

"ಬೇಟಿ, ನಿಂಗೆ ಮೋಸ ಮಾಡವ್ರೆ! ಒಂದರಲ್ಲೂ ಟ್ಯೂಬ್ ಹಾಕಿಲ್ಲ. ತೂಕ ಬರ್ಲಿ ಅಂತ ಒಳಗೆ ಮೈದಾಹಿಟ್ಟಿನ ಗಂಜಿ ಹುಯ್ದವ್ರೆ!"

"ಚಾಚಾ, ಅದು ಟ್ಯೂಬ್‌ಲೆಸ್..."

"ಅದು ಕಾರಿಗೆ, ಸ್ಕೂಟರಿಗೆ. ಸೈಕಲ್ಲಿಗೆ ಎಲ್ಲಾದ್ರೂ ಇರ್ತದಾ? ನಲವತ್ತು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀನಿ. ನಂಬರ್ ಕೊಡು ಅಂಗಡಿಯವನ್ದು."

ಕೊಡಬಾರದಿತ್ತು, ಕೊಟ್ಟೆ. ಹೆಣ್ಣುಮಕ್ಕಳು ಅಂದರೆ ಏನು ಬೇಕಾದರೂ ತಲೆಗೆ ಕಟ್ಟಬಹುದಾ ಎಂದು ಚಾಚಾ ಫೋನಿನಲ್ಲಿ ಹತ್ತು ನಿಮಿಷ ಆ ಮನುಷ್ಯನನ್ನು ತರಾಟೆಗೆ ತೆಗೆದುಕೊಂಡರು. ಆಮೇಲೆ ತಮ್ಮದೇ ಎರಡು ಟ್ಯೂಬ್ ಎಳೆದು ಹಿಗ್ಗಿಸಿ ತುರುಕಿದರು. ದುಡ್ಡು ಮುಟ್ಟಲಿಲ್ಲ. "ಗಂಜಿ ಡಬ್ಬದಲ್ಲಿ ತೆಗ್ದಿಟ್ಟಿದೀನಿ," ಎಂದರು. "ಪೊಲೀಸ್ನೋರು ಕೇಳಿದ್ರೆ ಸಾಕ್ಷಿಗೆ ಬೇಕು."

ನಿಂಬೆಹಣ್ಣು

ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಬುಕ್ಕಾಂಬುಧಿಗೆ ಹೋಗಿ, ಕೆರೆ ಏರಿಯ ಮೇಲೆ, ಆಸುಪಾಸಿನ ಹೊಲದ ದಾರಿಗಳಲ್ಲಿ ಗ್ರಾವೆಲ್ ಸೈಕಲ್ ಹೊಡೆದೆ. ಅಲ್ಲೇ ತೀರ್ಮಾನವಾಯಿತು. ನಾನು ರೇಸಿಗೆ ಹೋಗುವವಳಲ್ಲ, ದೂರ ಹೋಗುವವಳು. ಮನೆಗೆ ಬಂದು ಹೇಳಿದೆ: "ಗ್ರಾವೆಲ್."

"ಹಂಗಾದ್ರೆ ಆಂಜನೇಯನ ಗುಡೀಲಿ ಪೂಜೆ ಮಾಡ್ಸನ ನಡಿ," ಅಂದರು ಅತ್ತೆ. ಸಂಜೆ ಗುಡಿಯ ಮುಂದೆ ಅರ್ಧ ಬೀದಿ ಸೇರಿತ್ತು. ಅರ್ಚಕರು ಹೂವಿನ ಹಾರ ಹಾಕಿ, ಕುಂಕುಮವಿಟ್ಟು, ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟರು. ಅತ್ತೆ ಸೈಕಲ್ ತಳ್ಳಿದರು. ಕಲ್ಲು ದಾರಿಯಲ್ಲಿ ಮೈ ಕುಲುಕದಿರಲಿ ಎಂದು ನಾನು ಗಾಳಿ ಇಳಿಸಿದ್ದೆ. ಮೆತ್ತನೆಯ ದಪ್ಪ ಟೈರಿನಿಂದ ಹಣ್ಣು ನುಣುಚಿ ಚರಂಡಿಗೆ ಹೋಯಿತು. ಎರಡನೆಯದೂ ಅಷ್ಟೇ. ಮೂರನೆಯದು ಒಬ್ಬರ ಚಪ್ಪಲಿಯೊಳಗೆ ಸೇರಿತು.

"ಟ್ರ್ಯಾಕ್ಟರಾದ್ರೆ ಒಂದೇ ಸಲಕ್ಕೆ ಆಗೋದು," ಎಂದರು ಅರ್ಚಕರು.

"ಶಕುನ ಸರಿಯಿಲ್ಲ ಕಣ್ರೀ," ಎಂದಳು ಪಕ್ಕದ ಮನೆಯಾಕೆ. "ಇನ್ನೊಂದು ಐತಲ್ಲ, ಅದ್ರ ಚಕ್ರ ಗಟ್ಟಿ. ಅದನ್ನೇ ಇಟ್ಕಳಿ." ಎಲ್ಲರೂ ಹೌದು ಹೌದು ಅಂದರು. ಯಾರೋ ಸೈಕ್ಲೋಕ್ರಾಸ್ ತರಲು ನಮ್ಮ ಮನೆಯ ಕಡೆ ಹೊರಟೂಬಿಟ್ಟರು.

ನನಗೆ ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು ಬಂತು. ಒಂದು ವಾರ ಎಲುಬು ಮುರಿಯುವ ಹಾಗೆ ಹೊಡೆದು ನಾನು ಆರಿಸಿದ್ದನ್ನು ಒಂದು ನಿಂಬೆಹಣ್ಣು ಬದಲಿಸುವುದೇ? ಅತ್ತೆಯ ಕೈಯಿಂದ ಸೈಕಲ್ ಕಿತ್ತುಕೊಂಡೆ, ಸೀರೆ ಎತ್ತಿ ಸಿಕ್ಕಿಸಿದೆ, ಹತ್ತಿ ಕೂತೆ. "ಇಡ್ರೀ ಇನ್ನೊಂದು ಹಣ್ಣು!" ಎಂದೆ. ಅರ್ಚಕರು ಹೆದರಿ ಎರಡಿಟ್ಟರು. ಎರಡೂ ಪಚಕ್ಕೆಂದವು. ಜನ ಚಪ್ಪಾಳೆ ತಟ್ಟಿದರು.

ಅರ್ಚಕರು ಒಡೆದ ಕಾಯಿ, ಹೂವು ತಟ್ಟೆಯಲ್ಲಿಟ್ಟು, ನನ್ನನ್ನು ದಾಟಿಕೊಂಡು ಹೋಗಿ ನನ್ನ ಗಂಡನ ಕೈಗೆ ಕೊಟ್ಟರು. "ಒಳ್ಳೇ ಗಾಡಿ ಯಜಮಾನ್ರೇ. ಯಾರು ಆರ್ಸಿದ್ದು?"

ನನ್ನ ಗಂಡ ಪ್ರಸಾದವನ್ನು ಕಣ್ಣಿಗೊತ್ತಿಕೊಂಡರು. "ಎರಡೂ ನೋಡ್ದೆ ಸ್ವಾಮಿ. ಇದೇ ಇರ್ಲಿ ಅಂದೆ."

ಭೇಷ್, ನೋಡಿದರೆ ನೀವು ನೋಡಬೇಕು ಎಂದು ಬೀದಿಗೆ ಬೀದಿಯೇ ಅವರ ಬೆನ್ನು ತಟ್ಟಿತು. ನನ್ನ ಗಂಡನಿಗೆ ಸೈಕಲ್ ಹೊಡೆಯಲು ಬರುವುದಿಲ್ಲ.